ಒಂದು ಪಪೈರಸ್ ಚೂರಿನ ಕಾಲನಿರ್ಣಯ: ಯೋಹಾನನ ಸುವಾರ್ತೆಯ ರೈಲ್ಯಾಂಡ್ಸ್ ತುಣುಕು



ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಗಾಜಿನ ನಡುವೆ ಕಾಪಿಟ್ಟ ಒಂದು ಪಪೈರಸ್ ಚೂರು ಇದೆ. ಎತ್ತರ 8.9 ಸೆಂಟಿಮೀಟರ್, ಅಗಲ ಹೆಚ್ಚೆಂದರೆ 6 ಸೆಂಟಿಮೀಟರ್. ಎರಡೂ ಬದಿಯಲ್ಲಿ ಏಳೇಳು ಸಾಲು ಗ್ರೀಕ್ ಬರಹ. ಒಂದು ಸಾಲೂ ಪೂರ್ತಿ ಉಳಿದಿಲ್ಲ. ಗ್ರಂಥಾಲಯದ ಪಟ್ಟಿಯಲ್ಲಿ ಅದರ ಹೆಸರು ಗ್ರೀಕ್ ಪಪೈರಸ್ 457. ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಅಧ್ಯಯನ ಮಾಡುವವರು ಅದನ್ನು ಪಿ52 ಎಂದು ಕರೆಯುತ್ತಾರೆ. ಕ್ರೈಸ್ತ ಧರ್ಮಗ್ರಂಥದ ಪ್ರತಿಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯದು ಇದೇ, ಇದರ ಕಾಲ ಕ್ರಿ.ಶ. 125 ಎಂಬ ಮಾತು ಎಂಬತ್ತು ತೊಂಬತ್ತು ವರ್ಷಗಳಿಂದ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. ವಿಶ್ವಕೋಶಗಳಲ್ಲಿ, ಧರ್ಮಬೋಧನೆಗಳಲ್ಲಿ, ದೇವಶಾಸ್ತ್ರದ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಆ ಸಂಖ್ಯೆ ನಿಶ್ಚಿತ ಸಂಗತಿಯಂತೆ ನಿಂತುಬಿಟ್ಟಿದೆ.

ಆ ಸಂಖ್ಯೆಗೆ ಸಾಕಷ್ಟು ಆಧಾರವಿಲ್ಲ ಎಂಬುದು ಇಂದಿನ ಉಪನ್ಯಾಸದ ವಾದ. ಈ ಚೂರನ್ನು ಎರಡನೆಯ ಶತಮಾನದ್ದು, ಇಲ್ಲವೇ ಮೂರನೆಯ ಶತಮಾನದ ಆರಂಭದ್ದು ಎನ್ನಲು ಸಾಕ್ಷಿ ಇದೆ. ಅದಕ್ಕಿಂತ ಕಿರಿದಾದ ಅವಧಿಯೊಳಗೆ ಅದನ್ನು ಕೂರಿಸುವಾಗ ನಮ್ಮ ಆಸೆಯೇ ಸಾಕ್ಷಿಯ ಜಾಗಕ್ಕೆ ಬಂದು ಕೂತಿರುತ್ತದೆ. ಇದರಿಂದ ಇನ್ನೊಂದು ನಷ್ಟವೂ ಆಗಿದೆ. ಎಷ್ಟು ಹಳೆಯದು ಎಂಬ ಒಂದೇ ಪ್ರಶ್ನೆಯ ಗಲಾಟೆಯಲ್ಲಿ, ಚೂರು ತಾನಾಗಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳುವ ಸಂಗತಿಗಳು ಹಿಂದೆ ಸರಿದಿವೆ.

ಮೊದಲು ಚೂರನ್ನೇ ನೋಡೋಣ. ಮುಂಬದಿಯಲ್ಲಿ ಉಳಿದಿರುವುದು ಸಾಲುಗಳ ಮೊದಲ ಭಾಗ, ಹಿಂಬದಿಯಲ್ಲಿ ಸಾಲುಗಳ ಕೊನೆಯ ಭಾಗ. ಹಾಳೆಯ ಮೇಲಿನ ಖಾಲಿ ಅಂಚು ಮತ್ತು ಹೊಲಿಗೆಯ ಕಡೆಯ ಖಾಲಿ ಅಂಚು ಸ್ವಲ್ಪ ಉಳಿದಿವೆ. ಹಾಗಾಗಿ ಇದು ಹಾಳೆಯ ಮೇಲ್ತುದಿಯ ಒಳಮೂಲೆ ಎಂಬುದರಲ್ಲಿ ಸಂದೇಹವಿಲ್ಲ. ಮುಂಬದಿಯ ಪಠ್ಯ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದ 31ರಿಂದ 33ನೆಯ ವಚನಗಳದ್ದು. ಹಿಂಬದಿಯದು ಅದೇ ಅಧ್ಯಾಯದ 37 ಮತ್ತು 38ನೆಯ ವಚನಗಳದ್ದು. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ವಿಚಾರಣೆ ಮಾಡುವ ಪ್ರಸಂಗ ಅದು. ಮರಣದಂಡನೆ ವಿಧಿಸುವ ಅಧಿಕಾರ ತಮಗಿಲ್ಲ ಎಂದು ಯೆಹೂದ್ಯರು ಹೇಳುವುದು, ಪಿಲಾತ ಒಳಕ್ಕೆ ಹೋಗಿ ಯೇಸುವನ್ನು ಕರೆಸುವುದು ಒಂದು ಬದಿಯಲ್ಲಿದ್ದರೆ, ಸತ್ಯಕ್ಕೆ ಸಾಕ್ಷಿ ಹೇಳಲೆಂದೇ ತಾನು ಹುಟ್ಟಿದ್ದು ಎಂದು ಯೇಸು ಉತ್ತರಿಸುವುದು ಇನ್ನೊಂದು ಬದಿಯಲ್ಲಿದೆ. ಸತ್ಯವೆಂದರೇನು ಎಂದು ಪಿಲಾತ ಕೇಳುವ ಪ್ರಸಿದ್ಧ ಪ್ರಶ್ನೆ ಇರಬೇಕಾದ ಜಾಗ ಹರಿದುಹೋಗಿದೆ. ಆ ಪ್ರಶ್ನೆ ಹಿಂಬದಿಯ ಐದನೆಯ ಸಾಲಿನ ಕಳೆದ ಭಾಗದಲ್ಲಿತ್ತು. ಅದರ ಬೆನ್ನಿಗೆ ಬರುವ ಮಾತುಗಳ ಕೊನೆ ಮಾತ್ರ ಕಾಣುತ್ತದೆ.

ಇಷ್ಟು ಸಣ್ಣ ಚೂರಿನಿಂದ ಇಡೀ ಪುಸ್ತಕದ ಅಳತೆಯನ್ನು ಕಟ್ಟಿಕೊಟ್ಟ ರೀತಿ ಮೆಚ್ಚಬೇಕಾದ್ದು. ಮುಂಬದಿಯ ಏಳನೆಯ ಸಾಲು ತುಂಡಾದಲ್ಲಿಂದ ಹಿಂಬದಿಯ ಮೊದಲ ಸಾಲಿನವರೆಗೆ ಎಷ್ಟು ಪಠ್ಯ ಕಳೆದಿದೆ ಎಂಬುದನ್ನು ಸುವಾರ್ತೆಯ ಪೂರ್ಣ ಪ್ರತಿಯ ಸಹಾಯದಿಂದ ಎಣಿಸಬಹುದು. ಸಾಲಿಗೆ ಮೂವತ್ತರ ಆಸುಪಾಸು ಅಕ್ಷರ ಹಿಡಿದರೆ ಹನ್ನೊಂದು ಸಾಲು ಕಳೆದಿವೆ. ಅಂದರೆ ಪುಟಕ್ಕೆ ಹದಿನೆಂಟು ಸಾಲು. ಆ ಲೆಕ್ಕದಲ್ಲಿ ಪುಟದ ಅಳತೆ ಸುಮಾರು 21 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲ ಆಗುತ್ತದೆ. ಯೋಹಾನನ ಸುವಾರ್ತೆ ಒಂದಕ್ಕೇ 130ರಷ್ಟು ಪುಟ ಬೇಕಾಗುತ್ತದೆ. ಒಂದೇ ಕೈಬರಹ, ಒಂದೇ ಪಠ್ಯ ಹಾಳೆಯ ಈ ಬದಿಯಿಂದ ಆ ಬದಿಗೆ ಮುಂದುವರಿದಿರುವುದರಿಂದ ಇದು ಸುರುಳಿಯ ತುಂಡಲ್ಲ, ಹಾಳೆಗಳನ್ನು ಮಡಿಸಿ ಹೊಲಿದ ಪುಸ್ತಕದ ತುಂಡು ಎಂಬುದು ಸ್ಪಷ್ಟ. ಸುರುಳಿಯ ಬೆನ್ನಿನ ಮೇಲೆ ಬರೆಯುವ ರೂಢಿ ಇತ್ತಾದರೂ ಅಲ್ಲಿ ಸಾಮಾನ್ಯವಾಗಿ ಸಿಗುವುದು ಬೇರೆ ಬರಹ, ಬೇರೆ ಕೈ.

ಈ ಚೂರು 1920ರಲ್ಲಿ ಈಜಿಪ್ಟಿನಲ್ಲಿ ಪಪೈರಸ್ ವಿದ್ವಾಂಸ ಬರ್ನಾರ್ಡ್ ಗ್ರೆನ್‌ಫೆಲ್ ಗ್ರಂಥಾಲಯಕ್ಕಾಗಿ ಕೊಂಡ ಪಪೈರಸ್ ಕಟ್ಟಿನೊಳಗಿತ್ತು. ಅಗೆತದಲ್ಲಿ ಸಿಕ್ಕಿದ್ದಾಗಿದ್ದರೆ ಅಕ್ಕಪಕ್ಕದ ವಸ್ತುಗಳು, ಮಣ್ಣಿನ ಪದರ ಏನಾದರೂ ಹೇಳುತ್ತಿದ್ದವು. ಮಾರುಕಟ್ಟೆಯಲ್ಲಿ ಕೊಂಡದ್ದಕ್ಕೆ ಆ ಆಸರೆ ಇಲ್ಲ. ಗ್ರೆನ್‌ಫೆಲ್ 1926ರಲ್ಲಿ ತೀರಿಕೊಂಡರು. ಕೊಂಡ ಮೇಲೆ ಚೂರು ಸುಮಾರು ಹದಿನೈದು ವರ್ಷ ಯಾರ ಗಮನಕ್ಕೂ ಬಾರದೆ ಉಳಿಯಿತು. ಆಕ್ಸ್‌ಫರ್ಡಿನ ತರುಣ ವಿದ್ವಾಂಸ ಕಾಲಿನ್ ರಾಬರ್ಟ್ಸ್ ಅದನ್ನು ಗುರುತಿಸಿ 1935ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದರು. ಅವರು ಕೊಟ್ಟ ಕಾಲ ಎರಡನೆಯ ಶತಮಾನದ ಪೂರ್ವಾರ್ಧ. ಆ ಕಾಲದ ಮಹಾ ಪಂಡಿತರಾದ ಫ್ರೆಡರಿಕ್ ಕೆನ್ಯನ್, ವಿಲ್ಹೆಲ್ಮ್ ಶೂಬಾರ್ಟ್, ಹೆರಾಲ್ಡ್ ಬೆಲ್ ಅವರ ಅಭಿಪ್ರಾಯವನ್ನೂ ಅವರು ಪಡೆದಿದ್ದರು. ಅದೇ ವರ್ಷ ಜರ್ಮನಿಯ ಅಡಾಲ್ಫ್ ಡೈಸ್‌ಮನ್ ಇದು ಚಕ್ರವರ್ತಿ ಹೇಡ್ರಿಯನ್ನನ ಕಾಲದ್ದೇ, ಅಂದರೆ 117ರಿಂದ 138ರ ನಡುವಿನದೇ ಎಂದು ಬರೆದರು. ರಾಬರ್ಟ್ಸ್ ಬರೆದದ್ದು ಐವತ್ತು ವರ್ಷಗಳ ಅವಧಿ. ಜನಪ್ರಿಯ ಪುಸ್ತಕಗಳಿಗೆ ಇಳಿಯುವ ಹೊತ್ತಿಗೆ ಅದು ಒಂದೇ ವರ್ಷವಾಗಿ ಕುಗ್ಗಿತ್ತು.

ಕಾಲ ಬರೆಯದ ಬರಹಕ್ಕೆ ಅಕ್ಷರದ ಆಕಾರ ನೋಡಿ ಕಾಲ ಹೇಳುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಹಲ್ಮಿಡಿ ಶಾಸನದಲ್ಲಿ ವರ್ಷ ಇಲ್ಲ. ಲಿಪಿಯ ಲಕ್ಷಣ ಮತ್ತು ಅದರಲ್ಲಿ ಬರುವ ಕದಂಬ ಅರಸನ ಹೆಸರನ್ನು ಆಧರಿಸಿ ಸುಮಾರು 450 ಎನ್ನುತ್ತೇವೆ, ಅದರ ಸುತ್ತ ಚರ್ಚೆಯೂ ನಡೆದಿದೆ. ಇಂಥ ಅಂದಾಜುಗಳಿಗೆ ಅಳತೆಗೋಲಾಗಿ ನಿಲ್ಲುವುದು ಕಾಲ ಬರೆದಿರುವ ಶಾಸನಗಳು: ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಗಲ್ಲಿನ ಶಾಸನದಲ್ಲಿ ಶಕ 465 ಎಂದಿದೆ, ಮಂಗಳೇಶನ ಗುಹಾಶಾಸನದಲ್ಲಿ ಶಕ 500 ಎಂದಿದೆ. ಅಳತೆಗೋಲುಗಳು ದಟ್ಟವಾಗಿರುವ ಕಡೆ ಅಂದಾಜು ಗಟ್ಟಿ, ವಿರಳವಾಗಿರುವ ಕಡೆ ಸಡಿಲ. ಶಾಸನ ಓದುವವರೆಲ್ಲ ಬಲ್ಲ ಈ ನಿಯಮ ಪಪೈರಸ್ಸಿಗೂ ಹಾಗೇ ಅನ್ವಯಿಸುತ್ತದೆ.

ಪಪೈರಸ್ಸಿನ ಲೋಕದಲ್ಲಿ ಅಳತೆಗೋಲುಗಳು ಎಲ್ಲಿವೆ? ತೆರಿಗೆ ರಸೀದಿ, ಕರಾರು, ಅರ್ಜಿ, ಕಾಗದಪತ್ರಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ, ತಿಂಗಳು, ದಿನ ನಮೂದಾಗಿರುತ್ತವೆ. ಅವು ಸಾವಿರಗಟ್ಟಲೆ ಸಿಕ್ಕಿವೆ. ಆದರೆ ಅವನ್ನು ಬರೆದದ್ದು ಓಡುಬರಹದಲ್ಲಿ. ಗ್ರಂಥ ಬರೆಯುವ ಕೈ ಬೇರೆ. ಅಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ, ನಿಧಾನವಾಗಿ, ಹಿಂದಿನವರ ಮಾದರಿ ನೋಡಿ ಬರುತ್ತವೆ. ಅಂಥ ಬರಹ ಬದಲಾಗುವುದೂ ನಿಧಾನ. ಗ್ರಂಥದ ಕೊನೆಯಲ್ಲಿ ವರ್ಷ ಬರೆಯುವ ಪದ್ಧತಿಯಂತೂ ಆಗ ಇರಲಿಲ್ಲ. ಒಂದೇ ಹಾಳೆಯ ಒಂದು ಬದಿ ಗ್ರಂಥ, ಮತ್ತೊಂದು ಬದಿ ದಿನಾಂಕವಿರುವ ಲೆಕ್ಕಪತ್ರ ಸಿಕ್ಕಾಗ ಮಾತ್ರ ಗ್ರಂಥಲಿಪಿಗೂ ಒಂದು ಗಡಿ ಸಿಗುತ್ತದೆ. ಇದರ ಮೇಲೆ, ಇಪ್ಪತ್ತರ ವಯಸ್ಸಿನಲ್ಲಿ ಬರೆಯಲು ಕಲಿತ ಲಿಪಿಕಾರ ಅರವತ್ತರವರೆಗೂ ಅದೇ ಅಕ್ಷರ ಬರೆಯುತ್ತಾನೆ. ಗ್ರೀಕ್ ಹಸ್ತಪ್ರತಿಗಳ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ದೊಡ್ಡ ಅಧಿಕಾರಿಗಳಲ್ಲಿ ಒಬ್ಬರಾದ ಎರಿಕ್ ಟರ್ನರ್, ಎರಡನೆಯ ಶತಮಾನದ ಗ್ರಂಥಲಿಪಿಗೆ ಐವತ್ತು ವರ್ಷಕ್ಕಿಂತ ಕಡಿಮೆ ಅವಧಿ ಹೇಳುವುದು ಸಲ್ಲದು ಎಂಬ ನಿಲುವು ತಳೆದರು. ಐವತ್ತು ವರ್ಷ ಎಂಬುದು ಅವರಿಗೆ ಕನಿಷ್ಠ ಮಿತಿ.

ಈಗ ರಾಬರ್ಟ್ಸ್ ಹೋಲಿಕೆಗೆ ಇಟ್ಟುಕೊಂಡ ಬರಹಗಳ ಕಡೆ ತಿರುಗೋಣ, ಏಕೆಂದರೆ ಇಡೀ ವಾದದ ಬೇರು ಅಲ್ಲಿದೆ. ದಿನಾಂಕ ಇರುವುದರಲ್ಲಿ ಮುಖ್ಯವಾದದ್ದು ಈಜಿಪ್ಟಿನ ಫಯೂಮ್ ಪ್ರಾಂತದ ಒಂದು ಕಾಗದ. ಲೂಸಿಯಸ್ ಬೆಲ್ಲೆನಸ್ ಗೆಮೆಲ್ಲಸ್ ಎಂಬ ಜಮೀನುದಾರ 94ನೆಯ ಇಸವಿಯಲ್ಲಿ ತನ್ನ ಕೆಲಸಗಾರನಿಗೆ ಬರೆಯಿಸಿದ ಪತ್ರ ಅದು. ಗೊಬ್ಬರವನ್ನು ತಿಪ್ಪೆಗೆ ಸಾಗಿಸು, ಎಣ್ಣೆಗಾಣದ ಸುತ್ತ ಆಳವಾಗಿ ಕಾಲುವೆ ತೋಡಿಸು ಎಂಬಂಥ ವ್ಯವಸಾಯದ ಅಪ್ಪಣೆಗಳು ಅದರಲ್ಲಿವೆ. ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವಾದ ಆಲ್ಫಾವನ್ನು ಆ ಪತ್ರದಲ್ಲಿ ಎರಡು ಆಕಾರದಲ್ಲಿ ಬರೆದಿದೆ. ನಮ್ಮ ಚೂರಿನಲ್ಲೂ ಎರಡು ಆಕಾರ ಬರುತ್ತವೆ. ಹೋಲಿಕೆ ನಿಜವಾದದ್ದೇ. ಆದರೆ ಶೂಬಾರ್ಟ್ ಸೂಚಿಸಿದ ಬರ್ಲಿನ್ನಿನ ಇಲಿಯಡ್ ತುಣುಕಿಗೆ ದಿನಾಂಕವೇ ಇಲ್ಲ. ಅದರ ಕಾಲವೂ ಅಕ್ಷರ ನೋಡಿ ಹೇಳಿದ್ದು. ಅಂದರೆ ಒಂದು ಅಂದಾಜಿನ ಮೇಲೆ ಇನ್ನೊಂದು ಅಂದಾಜು ನಿಂತಿತು.

ಎಗರ್ಟನ್ ಸುವಾರ್ತೆ ಎಂದು ಹೆಸರಾದ ಇನ್ನೊಂದು ಪಪೈರಸ್ಸಿನ ಕಥೆ ಇದಕ್ಕಿಂತ ಬೋಧಪ್ರದ. ಬೆಲ್ ಮತ್ತು ಸ್ಕೀಟ್ ಅದನ್ನೂ 1935ರಲ್ಲೇ ಪ್ರಕಟಿಸಿ ಎರಡನೆಯ ಶತಮಾನದ ಮಧ್ಯಭಾಗದ ಒಳಗಿನದು ಎಂದರು. ರಾಬರ್ಟ್ಸ್ ತಮ್ಮ ಚೂರಿಗೆ ಬಹಳ ಹತ್ತಿರದ ಬರಹ ಎಂದು ಅದನ್ನು ಬಳಸಿಕೊಂಡರು. 1987ರಲ್ಲಿ ಕಲೋನ್ ನಗರದ ಸಂಗ್ರಹದಲ್ಲಿ ಅದೇ ಎಗರ್ಟನ್ ಪುಸ್ತಕದ ಇನ್ನೊಂದು ತುಂಡು ಇರುವುದು ಗೊತ್ತಾಯಿತು. ಆ ತುಂಡಿನಲ್ಲಿ ಎರಡು ವ್ಯಂಜನಗಳ ನಡುವೆ ಕೊಕ್ಕೆಯಂಥ ಒಂದು ಚಿಹ್ನೆ ಇತ್ತು. ಆ ಚಿಹ್ನೆ ಬಳಕೆಗೆ ಬಂದದ್ದು ಬಹುಪಾಲು ಮೂರನೆಯ ಶತಮಾನದಲ್ಲಿ. ಹಾಗಾಗಿ ಎಗರ್ಟನ್ ಸುವಾರ್ತೆಯ ಕಾಲವನ್ನು ಹಲವರು 200ರ ಸುಮಾರಿಗೆ ತಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಕೊಕ್ಕೆ ಅರ್ಧ ಶತಮಾನವನ್ನು ಅಲುಗಿಸಿತು. ಎಗರ್ಟನ್ನಿಗೆ ಅತಿ ಹತ್ತಿರ ಎಂದು ಹೇಳಿಸಿಕೊಂಡ ಪಿ52ರ ಕಾಲವೂ ಆಗಲೇ ಮರುಪರಿಶೀಲನೆಗೆ ಬರಬೇಕಿತ್ತು. ಹೆಚ್ಚಿನ ಕೈಪಿಡಿಗಳಲ್ಲಿ ಬರಲಿಲ್ಲ.

ಬಂದದ್ದು 2005ರಲ್ಲಿ. ಬ್ರೆಂಟ್ ನಾಂಗ್‌ಬ್ರಿ ಹಾರ್ವರ್ಡಿನ ದೇವಶಾಸ್ತ್ರ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ದಿನಾಂಕ ಖಚಿತವಾಗಿರುವ ಬರಹಗಳನ್ನೇ ಮುಂದಿಟ್ಟುಕೊಂಡು ಪಿ52ರ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿದರು. 94ರ ಗೆಮೆಲ್ಲಸ್ ಪತ್ರದಲ್ಲಿ ಕಾಣುವಂಥ ಸಾಮ್ಯಗಳು 152ರ ದಾಖಲೆಯಲ್ಲೂ, 184ರ ಅರ್ಜಿಯಲ್ಲೂ, ಮೂರನೆಯ ಶತಮಾನದ ಆರಂಭದ ಬರಹಗಳಲ್ಲೂ ಕಂಡವು. ಅವರು ಹೇಳಿದ್ದು ಇಷ್ಟು: ಸಾಧ್ಯವಿರುವ ಕಾಲದ ಅವಧಿಯಲ್ಲಿ ಎರಡನೆಯ ಶತಮಾನದ ಕೊನೆಯನ್ನೂ ಮೂರನೆಯದರ ಆರಂಭವನ್ನೂ ಸೇರಿಸಿಕೊಳ್ಳಲೇಬೇಕು. ಚೂರು ಮೂರನೆಯ ಶತಮಾನದ್ದೇ ಎಂದು ಅವರು ವಾದಿಸಲಿಲ್ಲ. ಈ ವ್ಯತ್ಯಾಸವನ್ನು ಅವರ ಪರ ಇದ್ದವರೂ ವಿರೋಧಿಸಿದವರೂ ಆಗಾಗ ಮರೆತಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗೌರವಯುತವಾದದ್ದು. ಕೆನ್ಯನ್, ಶೂಬಾರ್ಟ್, ಬೆಲ್ ಅವರಂಥ, ಜೀವಮಾನವಿಡೀ ಪಪೈರಸ್ ಓದಿದವರ ಕಣ್ಣಿಗೆ ಕಂಡದ್ದನ್ನು ತಳ್ಳಿಹಾಕುವುದು ಹೇಗೆ? ಅನುಭವಿಯ ಕಣ್ಣಿಗೆ ಬೆಲೆ ಇದೆ, ನಿಜ. ಆದರೆ ಅವರು ನೋಡುತ್ತಿದ್ದಾಗ ಪ್ರಕಟವಾಗಿದ್ದ ದಿನಾಂಕಸಹಿತ ಬರಹಗಳಿಗಿಂತ ಇಂದು ಎಷ್ಟೋ ಹೆಚ್ಚು ಬರಹಗಳು ನಮ್ಮ ಮುಂದಿವೆ. ಸಾಕ್ಷಿ ಹೆಚ್ಚಾದಾಗ ತೀರ್ಪು ಬದಲಾದರೆ ಹಳೆಯ ನ್ಯಾಯಾಧೀಶರಿಗೆ ಅಗೌರವವಾಗುವುದಿಲ್ಲ. ಮೇಲಾಗಿ ಆ ಪಂಡಿತರ ಒಮ್ಮತ ಇದ್ದದ್ದು ಶತಮಾನದ ಪೂರ್ವಾರ್ಧ ಎಂಬ ವಿಶಾಲ ಅವಧಿಯ ಬಗ್ಗೆ; 125 ಎಂಬ ನಿಖರತೆಗೆ ಅವರ ಹೆಸರನ್ನು ಬಳಸುವುದೇ ಅವರಿಗೆ ಮಾಡುವ ಅನ್ಯಾಯ.

ಎರಡನೆಯ ಆಕ್ಷೇಪಣೆ ಹೆಚ್ಚು ತಾಂತ್ರಿಕವಾದದ್ದು, ಹೆಚ್ಚು ಗಟ್ಟಿಯೂ ಹೌದು. ಪಾಸ್ಕ್ವಾಲೆ ಒರ್ಸಿನಿ ಮತ್ತು ವಿಲ್ಲಿ ಕ್ಲಾರಿಸ್ 2012ರಲ್ಲಿ ಹೊಸ ಒಡಂಬಡಿಕೆಯ ಹಳೆಯ ಹಸ್ತಪ್ರತಿಗಳ ಕಾಲವನ್ನೆಲ್ಲ ಮತ್ತೆ ಪರಿಶೀಲಿಸಿದರು. ಬಿಡಿ ಅಕ್ಷರ ಹೋಲಿಸಿದರೆ ಸಾಲದು, ಬರಹದ ಒಟ್ಟು ಶೈಲಿಯನ್ನು ಹಿಡಿಯಬೇಕು ಎಂಬುದು ಅವರ ಪಟ್ಟು. ಹಲವು ಹಸ್ತಪ್ರತಿಗಳ ಕಾಲವನ್ನು ಅವರು ಕೆಳಕ್ಕೆ ತಂದರಾದರೂ ಪಿ52ಕ್ಕೆ ಕೊಟ್ಟದ್ದು 125ರಿಂದ 175. ಶೈಲಿಯ ಬಗ್ಗೆ ಅವರ ಮಾತು ಸರಿ. ಒಂದೆರಡು ಅಕ್ಷರದ ಸಾಮ್ಯ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಶೈಲಿಯನ್ನು ಹಿಡಿಯಲು ಬರಹ ಸಾಕಷ್ಟು ಇರಬೇಕು. ನೂರಕ್ಕೂ ಸ್ವಲ್ಪ ಹೆಚ್ಚು ಅಕ್ಷರ ಮಾತ್ರ ಉಳಿದಿರುವ, ಅದೂ ವೃತ್ತಿನಿರತ ಸುಂದರ ಲಿಪಿಗೂ ಕಚೇರಿಯ ಬರಹಕ್ಕೂ ನಡುವೆ ನಿಲ್ಲುವ ಒಂದು ಕೈಯಲ್ಲಿ ಶೈಲಿಯ ಗುರುತು ಎಷ್ಟು ದೃಢ? ಇಷ್ಟಾಗಿಯೂ ಅವರ ತೀರ್ಮಾನವನ್ನು ಪೂರ್ತಿ ಒಪ್ಪಿದರೆ ಆಗುವುದೇನು? ಜನಪ್ರಿಯವಾದ 125 ಅವರ ಅವಧಿಯ ಆರಂಭದ ಗೆರೆಯಾಗುತ್ತದೆ ಅಷ್ಟೆ. ಉಳಿದ ಐವತ್ತು ವರ್ಷವೂ ಅಷ್ಟೇ ಹಕ್ಕಿನಿಂದ ಮುಂದೆ ನಿಂತಿದೆ.

ಈ ಗೆರೆಯ ಬಗ್ಗೆ ಇನ್ನಷ್ಟು ಹೇಳಬೇಕು. ಅವಧಿಯ ಎರಡು ತುದಿಗಳೂ ಸಾಧ್ಯತೆಗಳೇ. ಹಾಗಿದ್ದೂ ಕಾಲ ಹೇಳುವಾಗ ಹಿಂದಿನ ತುದಿಯನ್ನೇ ಹೆಕ್ಕಿಕೊಳ್ಳುವ ಅಭ್ಯಾಸ ಬೆಳೆದಿದೆ. ರೋಜರ್ ಬ್ಯಾಗ್ನಲ್ 2009ರಲ್ಲಿ ಪ್ರಕಟಿಸಿದ ಈಜಿಪ್ಟಿನ ಆದಿ ಕ್ರೈಸ್ತ ಪುಸ್ತಕಗಳ ಕುರಿತ ಗ್ರಂಥದಲ್ಲಿ ಸರಳವಾದ ಒಂದು ಪ್ರಶ್ನೆ ಕೇಳಿದರು: ಎರಡನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನಲ್ಲಿ ಕ್ರೈಸ್ತರು ಎಷ್ಟು ಜನ ಇದ್ದಿರಬಹುದು? ಬಹಳ ಕಡಿಮೆ. ಅವರ ಬಳಿ ಇದ್ದ ಪುಸ್ತಕಗಳು ಇನ್ನೂ ಕಡಿಮೆ. ಒಟ್ಟು ಪಪೈರಸ್ಸಿನಲ್ಲಿ ಎಷ್ಟು ಪಾಲು ನಮ್ಮ ಕೈಗೆ ಸಿಕ್ಕಿದೆ ಎಂಬ ಪ್ರಮಾಣವನ್ನು ಅದಕ್ಕೆ ಹಚ್ಚಿದರೆ, ಆ ಕಾಲದ ಒಂದು ಕ್ರೈಸ್ತ ಪುಸ್ತಕ ಉಳಿದು ಬಂದಿರುವ ಸಂಭವ ತೀರಾ ಸಣ್ಣದು. ಶತಮಾನದ ಕೊನೆಗೆ ಬಂದಂತೆ ಜನಸಂಖ್ಯೆ ಏರುತ್ತದೆ, ಸಂಭವವೂ ಏರುತ್ತದೆ. ಇದು ಚೂರು ಹಳೆಯದಾಗಿರಲು ಸಾಧ್ಯವೇ ಇಲ್ಲ ಎಂಬುದಕ್ಕೆ ರುಜುವಾತಲ್ಲ. ಲಿಪಿ ಎರಡೂ ತುದಿಗೆ ಅವಕಾಶ ಕೊಟ್ಟಾಗ ತಕ್ಕಡಿ ಯಾವ ಕಡೆಗೆ ಬಾಗಬೇಕು ಎಂಬುದನ್ನಂತೂ ಹೇಳುತ್ತದೆ, ಅದು ಹಿಂದಿನ ತುದಿಯ ಕಡೆಗೆ ಬಾಗುವುದಿಲ್ಲ.

ವಿಜ್ಞಾನದ ಉಪಕರಣ ಇದನ್ನು ಬಗೆಹರಿಸಲಾರದೇ ಎಂದು ಕೇಳುವವರಿದ್ದಾರೆ. ಇಂಗಾಲದ ಪರೀಕ್ಷೆಗೆ ವಸ್ತುವಿನ ಒಂದು ಭಾಗವನ್ನು ಸುಡಬೇಕು. ಚೂರು ಇರುವುದೇ ಇಷ್ಟು. ಸುಟ್ಟರೂ ತಿಳಿಯುವುದು ಜೊಂಡನ್ನು ಕೊಯ್ದ ಕಾಲ. ಮಸಿ ಮುಟ್ಟಿದ ಕಾಲವನ್ನು ಅದರಿಂದ ಊಹಿಸಬೇಕು. ಉತ್ತರ ಬರುವುದೂ ಹಲವು ದಶಕಗಳ ಅವಧಿಯಾಗಿಯೇ. ಪೂರ್ವಾರ್ಧವೋ ಉತ್ತರಾರ್ಧವೋ ಎಂಬ ನಮ್ಮ ಪ್ರಶ್ನೆಗೆ ಅದು ಸಾಲುವುದಿಲ್ಲ.

ಹೆಚ್ಚು ಆತಂಕದಿಂದ ಬರುವ ಆಕ್ಷೇಪಣೆ ಇನ್ನೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನ ಫರ್ಡಿನಾಂಡ್ ಕ್ರಿಶ್ಚಿಯನ್ ಬೌರ್, ಯೋಹಾನನ ಸುವಾರ್ತೆ ರಚನೆಯಾದದ್ದೇ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ, 170ರ ಸುಮಾರಿಗೆ ಎಂದು ವಾದಿಸಿದ್ದರು. ಆ ವಾದವನ್ನು ಮಣ್ಣುಮುಕ್ಕಿಸಿದ್ದು ಪಿ52 ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಚೂರಿನ ಕಾಲ ಸಡಿಲವಾದರೆ ಬೌರ್ ಮತ್ತೆ ಎದ್ದು ಬರುವುದಿಲ್ಲವೇ? ಬರುವುದಿಲ್ಲ, ಏಕೆಂದರೆ ಅವರ ವಾದ ಬೀಳಲು ಈ ಚೂರಿನ ಅಗತ್ಯವೇ ಇರಲಿಲ್ಲ. 180ರ ಸುಮಾರಿಗೆ ಲಿಯೋನಿನ ಐರೇನಿಯಸ್ ನಾಲ್ಕು ಸುವಾರ್ತೆಗಳನ್ನು ಹೆಸರಿಸಿ, ಯೋಹಾನನದನ್ನು ಎಲ್ಲರೂ ಬಲ್ಲ ಗ್ರಂಥವೆಂಬಂತೆ ಬಳಸುತ್ತಾರೆ. ಅದಕ್ಕೂ ಮೊದಲು ಟೇಷಿಯನ್ ನಾಲ್ಕನ್ನೂ ಹೆಣೆದು ಒಂದೇ ಕಥನ ಮಾಡಿದರು. ಹೆರಾಕ್ಲಿಯನ್ ಈ ಸುವಾರ್ತೆಗೆ ವ್ಯಾಖ್ಯಾನವನ್ನೇ ಬರೆದರು. ಒಂದು ಗ್ರಂಥ ಬರೆದ ಕೂಡಲೇ ಅಷ್ಟು ದೂರದೂರದ ಪ್ರಾಂತಗಳಲ್ಲಿ ಪ್ರಮಾಣವಾಗಿ ನಿಲ್ಲುವುದಿಲ್ಲ. ಅದಕ್ಕೆ ದಶಕಗಳು ಬೇಕು. ಗ್ರಂಥದ ಕಾಲಕ್ಕೂ ಪ್ರತಿಯ ಕಾಲಕ್ಕೂ ಇರುವ ಅಂತರವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು. ನಮಗೆ ಸಿಕ್ಕಿರುವ ಅದರ ಓಲೆಪ್ರತಿಗಳು ಎಷ್ಟೋ ಶತಮಾನ ಈಚಿನವು. ಪ್ರತಿ ಈಚಿನದೆಂದು ಯಾರೂ ಗ್ರಂಥವನ್ನು ಈಚೆಗೆ ಎಳೆದಿಲ್ಲ.

ಹಾಗಾದರೆ ಚೂರಿಗೆ ಉಳಿದ ಬೆಲೆ ಏನು? ಬಹಳ ಇದೆ. ಅದು ಹೊಲಿದ ಪುಸ್ತಕದ ಹಾಳೆ ಎಂಬ ಸಂಗತಿಯೊಂದೇ ಸಾಕು. ಎರಡನೆಯ ಶತಮಾನದಲ್ಲಿ ಗ್ರೀಕ್ ಸಾಹಿತ್ಯವೆಂದರೆ ಬಹುಮಟ್ಟಿಗೆ ಸುರುಳಿ. ಹೋಮರ್, ಪ್ಲೇಟೋ, ನಾಟಕಕಾರರು ಎಲ್ಲರೂ ಹೆಚ್ಚಾಗಿ ಸುರುಳಿಯಲ್ಲೇ ಸಿಗುತ್ತಾರೆ. ಕ್ರೈಸ್ತರು ಮಾತ್ರ ತಮ್ಮ ಧರ್ಮಗ್ರಂಥಕ್ಕೆ ಎದ್ದುಕಾಣುವಷ್ಟು ಬಲವಾಗಿ ಪುಸ್ತಕದ ರೂಪವನ್ನು ಆರಿಸಿಕೊಂಡರು. ಯಾಕೆ ಎಂಬ ಚರ್ಚೆ ಇನ್ನೂ ನಡೆದಿದೆ. ರಾಬರ್ಟ್ಸ್ ಅವರೇ ಮುಂದೆ ಸ್ಕೀಟ್ ಜೊತೆ ಸೇರಿ 1983ರಲ್ಲಿ ಆ ವಿಷಯದ ಮೇಲೆ ಒಂದು ಗ್ರಂಥ ಬರೆದರು. ಪಿ52 ಆ ಆಯ್ಕೆಯ ಮೂರ್ತ ರೂಪ, 150ರದ್ದಾದರೂ 200ರದ್ದಾದರೂ.

ಬರೆದವನ ಬಗ್ಗೆಯೂ ಚೂರು ಮಾತಾಡುತ್ತದೆ. ಅಕ್ಷರಗಳು ದೊಡ್ಡವು, ಬಿಡಿಯಾದವು. ಪುಟಕ್ಕೆ ಹದಿನೆಂಟೇ ಸಾಲು. ಗಟ್ಟಿಯಾಗಿ ಓದುವವರಿಗೆ ಅನುಕೂಲವಾಗಲೆಂದು ಹೀಗೆ ಬರೆದಿರುವ ಸಂಭವ ಇದೆ. ಕಾಗುಣಿತದಲ್ಲಿ ಆತ ಕಿವಿಯನ್ನು ನಂಬಿದವನು. ಆ ಕಾಲದ ಗ್ರೀಕ್ ಉಚ್ಚಾರದಲ್ಲಿ ಒಂದೇ ಆಗಿಹೋಗಿದ್ದ ಇಕಾರದ ಎರಡು ಬರವಣಿಗೆಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದ್ದಾನೆ. ಮೊದಲ ಸಾಲಿನಲ್ಲೇ ಒಂದು ಕಡೆ, ನಾಲ್ಕನೆಯ ಸಾಲಿನಲ್ಲಿ ಇನ್ನೊಂದು ಕಡೆ. ಪದದ ಆರಂಭದ ಇಕಾರದ ಮೇಲೆ ಎರಡು ಚುಕ್ಕೆ ಇಡುತ್ತಾನೆ. ಯೇಸುವಿನ ಹೆಸರನ್ನು ಕ್ರೈಸ್ತ ಲಿಪಿಕಾರರ ಪದ್ಧತಿಯಂತೆ ಸಂಕ್ಷೇಪಿಸಿ ಮೇಲೆ ಗೆರೆ ಎಳೆದಿದ್ದನೇ? ಆ ಹೆಸರು ಬರಬೇಕಾದ ಜಾಗಗಳು ಹರಿದುಹೋಗಿವೆ; ಸಾಲಿನ ಅಗಲ ಅಳೆದು ಹೌದು ಎಂದವರೂ ಇದ್ದಾರೆ, ಇಲ್ಲ ಎಂದವರೂ ಇದ್ದಾರೆ.

ಪಠ್ಯದ ವಿಷಯದಲ್ಲಿ ಹೇಳಬಹುದಾದದ್ದು ಮಿತವಾದರೂ ದೃಢವಾದದ್ದು. ನಾಲ್ಕನೆಯ ಶತಮಾನದ ಮಹಾ ಹಸ್ತಪ್ರತಿಗಳಾದ ಸಿನಾಯಿ ಮತ್ತು ವ್ಯಾಟಿಕನ್ ಪ್ರತಿಗಳ ಪಾಠಕ್ಕೂ ಈ ಚೂರಿನ ಪಾಠಕ್ಕೂ ಅರ್ಥ ಬದಲಿಸುವ ವ್ಯತ್ಯಾಸ ಇಲ್ಲ. ಹಿಂಬದಿಯ ಎರಡನೆಯ ಸಾಲಿನ ಅಳತೆ ನೋಡಿದರೆ, ಪ್ರಚಲಿತ ಪಾಠದಲ್ಲಿ ಎರಡು ಸಲ ಬರುವ ಒಂದು ನುಡಿಗಟ್ಟು ಇಲ್ಲಿ ಒಂದೇ ಸಲ ಇದ್ದಂತೆ ತೋರುತ್ತದೆ, ಅದೊಂದು ಪಾಠಾಂತರ. ಹದಿನಾಲ್ಕು ಅರೆಸಾಲುಗಳಿಂದ ಇಡೀ ಸುವಾರ್ತೆಯ ಪಾಠ ಬದಲಾಗದೆ ಬಂತು ಎಂದು ಸಾರುವುದು ಅತಿಯಾಯಿತು. ಈ ಪ್ರಸಂಗವಂತೂ ನೈಲ್ ತೀರದ ಓದುಗರಿಗೆ ಇಂದು ನಾವು ಓದುವ ರೂಪದಲ್ಲೇ ಸಿಗುತ್ತಿತ್ತು ಎನ್ನಲು ಅಡ್ಡಿಯಿಲ್ಲ.

ಪ್ರಾಚೀನತೆಯ ಹಂಬಲ ಎಲ್ಲ ಭಾಷೆಯ, ಎಲ್ಲ ಧರ್ಮದ ಜನರಿಗೂ ಇದೆ, ನಮಗೂ ಇದೆ. ಪಿ52ನ್ನು ಕೊಂಡ ಇದೇ ಗ್ರೆನ್‌ಫೆಲ್ ತಮ್ಮ ಸಹೋದ್ಯೋಗಿ ಹಂಟ್ ಜೊತೆ ಈಜಿಪ್ಟಿನ ಆಕ್ಸಿರಿಂಕಸ್ಸಿನ ಕಸದ ದಿಬ್ಬಗಳನ್ನು ಅಗೆಯುವಾಗ ಸಿಕ್ಕಿದ್ದು, ಅವರು 1903ರಲ್ಲಿ 413ನೆಯ ಸಂಖ್ಯೆಯಲ್ಲಿ ಪ್ರಕಟಿಸಿದ ಗ್ರೀಕ್ ಪ್ರಹಸನ. ಭಾರತದ ಕರಾವಳಿಯ ಅರಸನೂ ಅವನ ಕಡೆಯವರೂ ಅದರಲ್ಲಿ ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದು ಎಂದು ಮರುವರ್ಷವೇ ವಿದ್ವಾಂಸ ಹುಲ್ಟ್ಷ್ ಸೂಚಿಸಿದರು. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಹಾದಿಯಲ್ಲಿ ಶ್ರಮಪಟ್ಟರು. ಬಾರ್ನೆಟ್ 1926ರಲ್ಲಿ ಅದನ್ನು ಬಲವಾಗಿ ವಿರೋಧಿಸಿದರು. ಆ ಚರ್ಚೆಯನ್ನು ಓದುವಾಗ ಕನ್ನಡಿಗರ ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ವಾಲುವಿಕೆಯನ್ನು ಅರಿತವರಿಗೆ ಪಿ52ರ ಸುತ್ತ ನಡೆದದ್ದು ಪರಕೀಯ ಅನ್ನಿಸಬಾರದು.

ಹಂಬಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಈಚಿನ ಒಂದು ಪ್ರಸಂಗ ಇದೆ. ಮಾರ್ಕನ ಸುವಾರ್ತೆಯ ಒಂದನೆಯ ಶತಮಾನದ ತುಣುಕು ಸಿಕ್ಕಿದೆ ಎಂದು 2012ರಲ್ಲಿ ಅಮೆರಿಕದ ಒಂದು ಸಾರ್ವಜನಿಕ ವಾಗ್ವಾದದಲ್ಲಿ ಘೋಷಣೆಯಾಯಿತು. ಆರು ವರ್ಷ ಆ ಸುದ್ದಿ ಜಗತ್ತನ್ನು ಸುತ್ತಿತು. ಚರ್ಚುಗಳಲ್ಲಿ, ಪುಸ್ತಕಗಳಲ್ಲಿ ಅದು ಪ್ರಮಾಣವೂ ಆಯಿತು. 2018ರಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿ ತುಣುಕನ್ನು ಆಕ್ಸಿರಿಂಕಸ್ ಪಪೈರಸ್ 5345 ಎಂದು ಪ್ರಕಟಿಸಿದಾಗ ಸಂಪಾದಕರು ಕೊಟ್ಟ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಮಾರ್ಕನ ಸುವಾರ್ತೆಯ ಪ್ರತಿಗಳಲ್ಲಿ ಅದು ಈಗಲೂ ಅತಿ ಹಳೆಯವುಗಳ ಸಾಲಿನಲ್ಲಿದೆ. ಆದರೂ ಆ ದಿನ ಬಹಳ ಮಂದಿಗೆ ಅದು ನಿರಾಶೆಯ ಸುದ್ದಿಯಾಗಿ ಕೇಳಿಸಿತು. ಸಾವಿರದ ಎಂಟುನೂರು ವರ್ಷ ಹಳೆಯ ಹಾಳೆಯೊಂದು ನಿರಾಶೆ ತರುವಂತಾದದ್ದು, ಅದರ ಬಗ್ಗೆ ಮೊದಲೇ ಆಡಿದ ಅತಿಯ ಮಾತಿನಿಂದ.

ವಿಶ್ವಾಸಿಗಳ ಮನಸ್ಸಿಗೆ ಇದರಿಂದ ನೋವಾದೀತು ಎಂದು ಸುಮ್ಮನಿರುವವರಿದ್ದಾರೆ. ಅವರ ಕಾಳಜಿ ಅರ್ಥವಾಗುವಂಥದು. ಆದರೆ ವಿಶ್ವಾಸದ ಹೊರೆಯನ್ನು ಒಂದು ಅಕ್ಷರದ ಬಾಗುವಿಕೆಯ ಮೇಲೆ ಹೊರಿಸಿದವರು ಆ ವಿಶ್ವಾಸಕ್ಕೆ ಉಪಕಾರ ಮಾಡಲಿಲ್ಲ. ನಾಳೆ ಇನ್ನೊಂದು ಕೊಕ್ಕೆ, ಇನ್ನೊಂದು ದಿನಾಂಕಸಹಿತ ಅರ್ಜಿ ಹೊರಬಂದರೆ ಆ ಹೊರೆ ಜಾರುತ್ತದೆ.

ಆದ್ದರಿಂದ ಕನ್ನಡದಲ್ಲಿ ಈ ವಿಷಯ ಬರೆಯುವವರಲ್ಲಿ, ಬೋಧಿಸುವವರಲ್ಲಿ ನನ್ನದೊಂದು ವಿನಂತಿ. ವಿಶ್ವಕೋಶದ ನಮೂದಿರಲಿ, ಪಠ್ಯಪುಸ್ತಕವಿರಲಿ, ಭಾನುವಾರದ ಪ್ರಬೋಧನೆಯಿರಲಿ, ಪಿ52ರ ಹೆಸರು ಬಂದ ಕಡೆ 125 ಎಂದು ಬರೆಯಬೇಡಿ. ಎರಡನೆಯ ಶತಮಾನ ಅಥವಾ ಮೂರನೆಯ ಶತಮಾನದ ಆರಂಭ ಎಂದು ಬರೆಯಿರಿ. ಈ ಕಾಲವನ್ನು ಹೇಳಿರುವುದು ಕೈಬರಹದ ಹೋಲಿಕೆಯಿಂದ ಎಂಬ ಒಂದು ವಾಕ್ಯವನ್ನೂ ಅದರ ಪಕ್ಕದಲ್ಲೇ ಸೇರಿಸಿ.